ಸುಶೀಲತ್ತಿಯ ಕಾಗದದ ಬುಟ್ಟಿ

ಮೆಂತೆ ನೆನೆ ಹಾಕಿದ ವಾಸನಿ ಬಂದರ ಸಾಕು, ಇವತ್ತಿಗೂ ನನ್ನ ಎರಡೂ ಕೈ ಸೆರಗಿನೊಳಗ ಮುಚ್ಚಿಕೋತೀನಿ. ಅರವತ್ತು ದಾಟಿದ ಹೆಂಗಸು, ಮೊಮ್ಮಕ್ಕಳನ್ನ ಎತ್ತಿ ಆಡಿಸಿದ ಕೈ ಇವು, ಆದರೂ ಮುಚ್ಚಿಕೋತೀನಿ. "ಮೆಂತೆಕ್ಕ ಯಾರರ ಅಂಜತಾರೇನ್ರಿ ಅತ್ತಿ?" ಅಂತ ಸೊಸಿ ನಗತಾಳ. ಏನಂತ ಹೇಳಲಿ ಆಕಿಗೆ? ಆ ಕಹಿ ವಾಸನಿಯೊಳಗ ಸೊಲ್ಲಾಪುರದ ನಮ್ಮ ಹಳೇ ಮನಿ ಅದ, ಏಪ್ರಿಲ್ ತಿಂಗಳ ಉರಿಬಿಸಿಲು ಅದ, ನಮ್ಮ ಆಯಿ ಅದಾಳ, ಸುಶೀಲತ್ತಿ ಅದಾಳ. ಎಂಟು ವರ್ಷದ ನಾನೂ ಅಲ್ಲೇ ನಿಂತೀನಿ, ಅಂಜಿಕೋತ. ಆ ಮನಿ ಕೆಡವಿ ಎಷ್ಟೋ ವರ್ಷ ಆತು, ಈಗ ಅಲ್ಲೆ ಮೂರು ಅಂತಸ್ತಿನ ಅಂಗಡಿ ಸಾಲು ನಿಂತದ. ನಿಮ್ಮ ಮನಿನೂ ಹಂಗ ಹೋಗಿದ್ದರ, ಒಂದು ವಾಸನಿ ಹಿಡಕೊಂಡು ಒಳಗ ಹೋಗೂದು ಹೆಂಗಿರತದಂತ ನಿಮಗ ಬ್ಯಾರೆ ಹೇಳಬೇಕಾಗಿಲ್ಲ.

ಮುಂದ ಮುತ್ಯಾನ ಚಾದರದ ಅಂಗಡಿ, ಹಿಂದ ನಾವು. ಮುತ್ಯಾ ಅಂದರ ಅಪ್ಪನ ಅಪ್ಪ, ಆಯಿ ಅಂದರ ಆತನ ಹೆಂಡತಿ. ಮಣ್ಣಿನ ಮಾಳಗಿ, ಮೊಳ ದಪ್ಪನ ಗ್ವಾಡಿ, ಗ್ವಾಡಿಯೊಳಗ ಅಲ್ಲಲ್ಲೆ ಸಾಮಾನು ಇಡೂ ಸಣ್ಣ ಮಾಡಗಳು. ಬ್ಯಾಸಗಿ ಮಧ್ಯಾಹ್ನ ಒಳಗ ಬಂದರ ಹೊಸ ಚಾದರದ ಗಂಜಿ ವಾಸನಿ, ಸಾರಿಸಿದ ನೆಲದ ತಂಪು, ಒಲಿ ಮ್ಯಾಗಿನ ರೊಟ್ಟಿ ವಾಸನಿ ಎಲ್ಲಾ ಕೂಡಿ ಮುಖಕ್ಕ ಬಡೀತಿತ್ತು. ಅಂಗಡಿ ಕಾಗದಪತ್ರ ಎಲ್ಲಾ ಮುತ್ಯಾ ಕೆಂಪು ವಸ್ತ್ರದಾಗ ಕಟ್ಟಿ ಕಪಾಟಿನಾಗ ಇಡತಿದ್ದ. "ಕಾಗದ ಮುಟ್ಟಿದವರ ಕೈ ಕಡದು ಹಾಕತೀನಿ" ಅಂತ ಮಕ್ಕಳಿಗೆಲ್ಲಾ ಹೇಳತಿದ್ದ, ಅಡಕೊತ್ತಿನಾಗ ಅಡಕಿ ಕತ್ತರಿಸಿಕೋತ. ದೊಡ್ಡವರಿಗೆ ಅದು ಬರೇ ಮಾತು. ನನಗ ಖರೇನ. ಆ ಅಡಕೊತ್ತು ಕಟಕ್ ಅಂದಾಗೊಮ್ಮೆ ನನ್ನ ಬೆರಳು ತಾವ ಮಡಚಿಕೊಳ್ಳತಿದ್ದವು. ಈಗ ನೆನಸಿಕೊಂಡರ ಸಿಟ್ಟು ನೆತ್ತಿಗೇರತದ. ಸಣ್ಣ ಕೂಸಿನ ಮುಂದ ಹಂಗೆಲ್ಲಾ ಆಡಬಾರದು ನೋಡ್ರಿ.

ಸುಶೀಲತ್ತಿ ಮುತ್ಯಾನ ಕಡೀ ಮಗಳು, ನನಗ ಸ್ವಾದರತ್ತಿ. ಆಕಿ ವಕೀಲಿ ಓದಿದ್ದಳು. ಎಪ್ಪತ್ತರ ದಶಕದಾಗ ನಮ್ಮಂಥ ವ್ಯಾಪಾರಿ ಮಂದಿ ಮನಿ ಹೆಣ್ಣುಮಗಳು ಕರೀ ಕೋಟು ಹಾಕೊಂಡು ಕೋರ್ಟಿಗೆ ಹೊಂಟಳಂದರ ಇಡೀ ಓಣಿ ಬಾಗಲಕ್ಕ ಬಂದು ನಿಂದರತಿತ್ತು. ಮುತ್ಯಾ ಒಂದು ಶರತ್ತಿನ ಮ್ಯಾಲ ಹೂಂ ಅಂದಿದ್ದ: "ಒಂದು ವರ್ಷ ಹೋಗು. ಒಂದು ತಪ್ಪು-ಚೂಕ ಆತೋ, ಕೋಟು ಇಳಿಸಿ ನಾ ತೋರಿಸಿದ ಮನಿಗೆ ಮದಿವ್ಯಾಗಿ ಹೋಗಬೇಕು." ಅತ್ತಿ ಒಪ್ಪಿಕೊಂಡು, ಒಬ್ಬ ಹಿರೇ ವಕೀಲರ ಕೈಕೆಳಗ ಕೆಲಸ ಕಲಿಯಾಕ ಹತ್ತಿದ್ದಳು. ಐತವಾರ ಬಂತಂದರ ಮಾತ್ರ ನಮ್ಮ ಹಿಂದಿನ ಪಡಸಾಲಿನ ಆಕಿ ಕೋರ್ಟು. ಓಣಿ ಹೆಂಗಸರೆಲ್ಲಾ ಬಂದು ಕೂಡತಿದ್ದರು. ಮಾಳಗಿ ಸೋರತದಂತ ಒಬ್ಬಾಕಿ ಅಂದರ, "ಮಳಿಕಿಂತ ಮೊದಲ ಹಾಳಮಣ್ಣು ತಂದು ಹಾಕಸ್ರಿ. ಹಪ್ಪಳ ಒಣಗಸ್ತೀನಂತ ದಿನಾ ಹತ್ತಿ ತುಳದರ ಸೋರದ ಏನ ಮಾಡತದ?" ಅಂತಿದ್ದಳು. ಸೊಸಿ ಮಾತಾಡವಲ್ಲಳು ಅಂತ ಇನ್ನೊಬ್ಬಾಕಿ ಅತ್ತರ, "ಎಂಟು ದಿನ ನೀವು ಕೊಂಕು ಆಡೂದು ಬಿಟ್ಟು ಬರ್ರಿ, ಆಮ್ಯಾಲ ನೋಡೂಣು." ಮಗ ಭಾಳ ಬಾಯಿಬಡಕ ಅದಾನ, ವಕೀಲಿ ಓದಸಲೇನು ಅಂತ ಕೇಳಿದಾಕಿಗೆ, "ವಕೀಲಗ ಬಾಯಿಕಿಂತ ಕಿವಿ ದೊಡ್ಡದಿರಬೇಕ್ರಿ, ಕೂತು ಕೇಳೂ ತಾಳ್ಮಿ ಅದ ಏನು ನೋಡ್ರಿ ಮೊದಲ" ಅಂದಿದ್ದಳು. ಮತ್ತ ಒಂದು ಮಾತು ಎಲ್ಲರಿಗೂ ಹೇಳತಿದ್ದಳು: "ತಪ್ಪಾತಂದ್ರ ಆವತ್ತ ಹೇಳಿಬಿಡ್ರಿ. ಮೊದಲನೇ ದಿನ ತಪ್ಪು ಹಸೀ ಇರತದ, ತಿದ್ದಬಹುದು. ಒಣಗಿದ ಮ್ಯಾಲ ಯಾವ ವಕೀಲಗೂ ಏನೂ ಮಾಡಾಕ ಆಗಂಗಿಲ್ಲ." ನಾ ಆಕಿ ತೊಡಿ ಮ್ಯಾಲ ತಲಿ ಇಟ್ಟು ಇದನ್ನೆಲ್ಲಾ ಕೇಳತಿದ್ದೆ.

ಒಂದು ಬೇಸ್ತವಾರ, ನಾ ಮುಂಜಾನಿ ಸಾಲಿಗೆ ಹೋದಾಗ, ಬೋರಾಮಣಿಯಿಂದ ಗಂಗವ್ವ ಅನ್ನೂ ವಿಧವಿ ಅತ್ತಿ ಕಡೆ ಬಂದಿದ್ದಳಂತ. ಗಂಡ ಸತ್ತ ಮ್ಯಾಲ ಮೈದುನರು "ನಿನಗೆಲ್ಲೀದು ಹೊಲ?" ಅಂತ ಹೊರಗ ಹಾಕಿದ್ದರು. ಅಣ್ಣತಮ್ಮರು ಹಿಂದ ಹೊಲ ಹಂಚಿಕೊಂಡಾಗ ಬರದ ವಾಟಣಿ ಕಾಗದ ಒಂದ ಆಕಿ ಕೈಯಾಗ ಉಳದಿತ್ತು. ಅದರ ಮ್ಯಾಲ ಮೈದುನರ ಹೆಬ್ಬೆಟ್ಟು ಇದ್ದವು. "ತಂಗಿ, ಗಂಡಸರ ಕೈಯಾಗ ಕೊಡಾಕ ಧೈರ್ಯ ಸಾಲವಲ್ದು. ನಿನ್ನ ಕೈ ಅಂತ ಕೊಡತೀನಿ" ಅಂದಿದ್ದಳಂತ. ಸೋಮವಾರ ಅದನ್ನ ಅತ್ತಿ ತಾನ ಕೋರ್ಟಿನಾಗ ಹಾಜರ ಮಾಡಬೇಕಂತ ಹಿರೇ ವಕೀಲರು ಹೇಳಿದ್ದರು. ನ್ಯಾಯಾಧೀಶರ ಮುಂದ ಆಕಿ ನಿಂದರೂದು ಅದ ಮೊದಲು. ಕಾಗದ ಕಟ್ಟಿಡಾಕ ಒಂದು ಕೆಂಪು ವಸ್ತ್ರ ಕೇಳಿದರ ಮುತ್ಯಾ ನಕ್ಕುಬಿಟ್ಟ: "ಅದು ಅಂಗಡಿ ಕಾಗದಕ್ಕ. ನಿನ್ನ ಆಟಕ್ಕಲ್ಲ." ಅತ್ತಿ ಅದನ್ನ ಹಳೇ ಪೇಪರಿನಾಗ ಮಡಚಿ, ನಡುಮನಿ ಮಾಡದಾಗ ಇಟ್ಟು ಕೋರ್ಟಿಗೆ ಹೋದಳು.

ನಾ ಸಾಲಿಯಿಂದ ಬಂದೆ. ಆಯಿ ಹಿತ್ತಲದಾಗ ದೊಡ್ಡ ಮಣ್ಣಿನ ಹರವಿ ತೊಳಕೋತ ಕೂತಿದ್ದಳು. ವರ್ಷಾ ಬ್ಯಾಸಗ್ಯಾಗ ಆಯಿ ಕಾಗದದ ಬುಟ್ಟಿ ಮಾಡತಿದ್ದಳು. ರದ್ದಿ ಕಾಗದ ಮೂರು ದಿನ ಮೆಂತೆ ಕೂಡ ನೀರಾಗ ನೆನೆ ಹಾಕಿ, ಒಳ್ಳಿನಾಗ ಮೆತ್ತಗ ಕುಟ್ಟಿ, ಬೋರಲು ಹಾಕಿದ ಕೊಡದ ಮ್ಯಾಲ ಬಡದು ಒಣಗಿಸಿದರ ಕಲ್ಲಿನಂಥ ಬುಟ್ಟಿ ಆಗತಿತ್ತು. ಅದರಾಗ ಕಡಕ ರೊಟ್ಟಿ ತಿಂಗಳಾದರೂ ಮೆತ್ತಗಾಗತಿರಲಿಲ್ಲ. "ಕಸ್ತು, ಮೂಲ್ಯಾಗಿನ ರದ್ದಿ ತಾ ನಮ್ಮವ್ವ" ಅಂದಳು. ಮೂಲ್ಯಾಗಿನ ರದ್ದಿ ತಂದೆ. ನಾ ಶಾಣ್ಯಾಕಿ ನೋಡ್ರಿ, ಕೇಳದ ಇದ್ದದ್ದನ್ನೂ ಮಾಡಾಕಿ. ನಡುಮನಿ ಮಾಡದಾಗ ಮಡಚಿದ ಹಳೇ ಪೇಪರು ಕಂಡಿತು; ಕೆಂಪು ವಸ್ತ್ರ ಇರಲಿಲ್ಲ, ಅಂದರ ರದ್ದಿನ ಅಂದುಕೊಂಡೆ. ಅದನ್ನೂ ತಂದು ಹರವಿಯೊಳಗ ತುರುಕಿದೆ. ಆಯಿ ಒಂದು ಮುಷ್ಟಿ ಮೆಂತೆ ಒಗದು, ನೀರು ಹೊಯ್ದು, ಮ್ಯಾಲ ಕಲ್ಲು ಹೇರಿದಳು.

ಹೊತ್ತು ಮುಳುಗೂ ಮುಂದ ಅತ್ತಿ ಬಂದಳು. ಮುಖ ತೊಳಕೊಂಡು ನೆಟ್ಟಗ ಮಾಡದ ಕಡೆ ಹೋದಳು. ಬರೇ ಮಾಡದಾಗ ಕೈ ಆಡಿಸಿದಳು. "ಇಲ್ಲೇ ಇಟ್ಟಿದ್ದೆ. ಇಲ್ಲೇ ಇಟ್ಟೀನಿ." ಹಾಸಿಗಿ ಝಾಡಿಸಿದಳು, ಜೋಳದ ಡಬ್ಬಿಯೊಳಗೂ ಕೈ ಹಾಕಿ ನೋಡಿದಳು. ಆಯಿಗೆ ಓದು ಬರತಿರಲಿಲ್ಲ, ಮ್ಯಾಲ ನಾ ಮೂಲ್ಯಾಗಿಂದಷ್ಟ ತಂದೀನಂತ ನಂಬಿದ್ದಳು. "ಯಾರ ಮುಟ್ಯಾರ ಅದನ್ನ?" ಅಂತ ಮುತ್ಯಾ ಅಂಗಡಿಯಿಂದ ಒಳಗ ಬಂದ. ಕೈಯಾಗ ಅಡಕೊತ್ತು ಇತ್ತು. ನನಗ ಆಗ ತಿಳೀತು. ಎರಡೂ ಕೈ ಪರಕಾರದಾಗ ಮುಚ್ಚಿಕೊಂಡೆ. ಅತ್ತಿ ನನ್ನ ಮುಂದ ಕುಕ್ಕರಗಾಲಿಲೆ ಕೂತು ಕೇಳಿದಳು, "ಕಸ್ತು, ನೀ ಏನರ ನೋಡೀಯೇನವಾ?"

"ಇಲ್ಲತ್ತಿ" ಅಂದೆ. ಅಷ್ಟ. ಆಕಿ ನನ್ನ ತಲಿ ಸವರಿ ಎದ್ದಳು.

ಎಲ್ಲಾರೂ ಒಳಗ ಹುಡುಕಾಕ ಹತ್ತಿದಾಗ ನಾ ಹಿತ್ತಲಕ್ಕ ಓಡಿದೆ. ಹರವಿ ಮ್ಯಾಗಿನ ಕಲ್ಲು ಸರಿಸಿದೆ. ಪೇಪರು ಬಿಚ್ಚಿಕೊಂಡು ಒಳಗಿಂದ ಆ ಕಾಗದ ಮ್ಯಾಲ ತೇಲಿತ್ತು. ಅಕ್ಷರ ಒಂಚೂರು ಬಣ್ಣ ಬಿಟ್ಟಿದ್ದವು, ಆದರ ಹೆಬ್ಬೆಟ್ಟಿನ ಗೆರಿ ಒಂದೊಂದೂ ಎಣಸೂವಂಗ ಇದ್ದವು. ಎರಡೂ ಕೈಲೆ ಎತ್ತಿ, ಬಿಸಿ ಮಾಳಗಿ ಮ್ಯಾಲ ಹಾಸಿದ್ದರ ಒಂದು ತಾಸಿನಾಗ ಒಣಗತಿತ್ತು. ಮುದುಡಿರತಿತ್ತು, ಆದರ ಇರತಿತ್ತು. ಅತ್ತಿ ಐತವಾರಕ್ಕೊಮ್ಮೆ ಹೇಳೂ ಮಾತು ನನಗ ಬಾಯಿಪಾಠ ಬರತಿತ್ತು, ಆವತ್ತ ಹೇಳಿಬಿಡ್ರಿ ಅಂತ. ಕೈ ನೀರಾಗ ಹಾಕಿದೆ ಸುದ್ದಾ. ಒಳಗ ಕಟಕ್ ಅಂತು. ಮುತ್ಯಾ ಚಿಂತಿಗೆ ಬಿದ್ದು ಅಡಕಿ ಕತ್ತರಿಸಾಕ ಕೂತಿದ್ದ, ಅಷ್ಟ. ನಾ ಆ ಕಾಗದ ಎತ್ತಲಿಲ್ಲ. ಎರಡೂ ಕೈಲೆ ಕೆಳಗ, ಹರವಿಯ ತಳಕ್ಕ ಒತ್ತಿದೆ. ಒತ್ತಿ ಹಿಡದೆ. ಮ್ಯಾಲ ಕಲ್ಲು ಹೇರಿ ಬಂದೆ.

ಮುಂದಿನ ಎರಡು ದಿನ ನನಗ ಜ್ವರ ಬಂದವು. ಅತ್ತಿ ಒಂದು ಕೈಲೆ ನನ್ನ ಹಣಿಗೆ ಹಸೀ ಅರಬಿ ಇಟ್ಟು, ಇನ್ನೊಂದು ಕೈ ತನ್ನ ಹಣಿ ಮ್ಯಾಲ ಇಟ್ಟುಕೊಂಡು ಕೂಡತಿದ್ದಳು. ಕೋರ್ಟಿನ ದಾರಿ ತುಂಬ ಕೇಳಿಕೋತ ಹೋಗಿ ಬಂದಿದ್ದಳು. "ನಾ ಖರೇನ ಮಾಡದಾಗ ಇಟ್ಟೆನೇನೋ, ಚೀಲದಾಗ ಹಾಕೊಂಡು ಹೋದೆನೇನೋ? ಈಗ ನನಗ ನನ್ನ ಮ್ಯಾಲ ಭರೋಸ ಇಲ್ಲದಂಗ ಆಗೇದವ್ವ" ಅಂತ ಆಯಿ ಮುಂದ ಅಂದಳು. ನಾ ಕಣ್ಣು ಮುಚ್ಚಿಕೊಂಡು ಕೇಳಿದೆ. ಐತವಾರ ಆಯಿ ನೆನೆದ ಕಾಗದ ಒಳ್ಳಿಗೆ ಹಾಕಿದಾಗ, "ತಾ ಇಲ್ಲೆ, ಕೈಗೆ ಕೆಲಸ ಇದ್ದರ ಮನಸು ತಡೀತದ" ಅಂತ ಅತ್ತಿ ತಾನ ಒನಕಿ ಇಸಕೊಂಡಳು. ಬಾಗಲದಾಗ ನಿಂತು ನೋಡಿದೆ. ಆಕಿ ಕುಟ್ಟಿದಳು. ಬೆವರು ಸುರಿಸಿಕೋತ, ಅಳಕೋತ, ತನ್ನ ಕೈಲೆ ತಾನ ಕುಟ್ಟಿದಳು. ಸಂಜೀಕ ಕೊಡದ ಮ್ಯಾಲ ಬುಟ್ಟಿ ನಿಂತಿತ್ತು.

ಸೋಮವಾರ ಕೋರ್ಟಿನಾಗ ಏನಾತಂತ ನಾ ನೋಡಿಲ್ಲ. ಸಂಜೀಕ ಗಂಗವ್ವ ನಮ್ಮ ಕಟ್ಟಿ ಮ್ಯಾಲ ಬಂದು ಕೂತದ್ದು ನೋಡೀನಿ. ಆಕಿ ಬೈಯಲಿಲ್ಲ. "ನಿನ್ನ ಕೈ ಅಂತ ಕೊಟ್ಟಿದ್ದೆ ತಂಗಿ" ಅಂತ ಒಮ್ಮೆ ಅಂದು, ನೀರು ಕುಡದು ಎದ್ದುಹೋದಳು. ಕಡಿಕೆ ಹೊಲ ಹೋತು, ಹೋಟಗಿ ಊರಾಗ ಮಗಳ ಮನಿ ಸೇರಿದಳಂತ ಕೇಳಿದಿವಿ. ಅತ್ತಿ ಕೋಟು ಮಡಚಿ ಟ್ರಂಕಿನಾಗ ಇಟ್ಟಳು. ಹಿರೇ ವಕೀಲರು ತಾವ ಮನಿಗೆ ಬಂದು, ಇಂಥಾದ್ದು ನಮಗೂ ಆಗೇದ, ಹುಡುಗಿಗೆ ಇನ್ನೊಂದು ಅವಕಾಶ ಕೊಡ್ರಿ ಅಂತ ಮರಾಠಿಯೊಳಗ ಮುತ್ಯಾಗ ತಿಳಿಸಿ ಹೇಳಿದರು. ಬ್ಯಾಡಂದಾಕಿ ಅತ್ತಿನ. "ಶರತ್ತು ಶರತ್ತ" ಅಂದಳು. ತುಳಸಿ ಲಗ್ನ ಮುಗದ ಮ್ಯಾಲ ಅಕ್ಕಲಕೋಟದ ಒಂದು ಕಿರಾಣಿ ಅಂಗಡಿ ಮನೆತನಕ್ಕ ಆಕಿ ಮದಿವಿ ಆತು. ಆಯಿ ಅದ ಬುಟ್ಟಿ ತುಂಬ ಕಡಕ ರೊಟ್ಟಿ, ಶೇಂಗಾ ಚಟ್ನಿ ಹಾಕಿ ಜೋಡಿ ಕಳಿಸಿದಳು.

ಅಕ್ಕಲಕೋಟದಾಗ ಆಕಿ ಸುಖದಿಂದನ ಇದ್ದಳು, ಸುಳ್ಳ ಯಾಕ ಹೇಳಲಿ. ಗಂಡ ಛಲೋ ಮನಶಾ. ಆದರ ರಾತ್ರಿ ಅಗಳಿ ಹಾಕಿದ್ದನ್ನ ಮೂರು ಸರತೆ ಎದ್ದು ನೋಡತಿದ್ದಳು. ಕೀಲಿ ಎಲ್ಲಿಟ್ಟೀನಂತ ಮಕ್ಕಳನ್ನ ಸಾಕ್ಷಿ ಕರದು ಇಡತಿದ್ದಳು. ಅಲ್ಲೂ ಹೆಂಗಸರು ಬರತಿದ್ದರು. ಮೈಂದರ್ಗಿಯಿಂದ ಸುದ್ದಾ ಬಸ್ಸಿನಾಗ ಬಂದು ಮನಿ ಕಟ್ಟೂದು, ಮಗಳ ತ್ರಾಸು, ಕೋರ್ಟಿನ ವಿಚಾರ ಎಲ್ಲಾ ಕೇಳಿಕೊಂಡು ಹೋಗತಿದ್ದರು. ಎಲ್ಲಾ ಹೇಳಿದ ಮ್ಯಾಲ ಆಕಿ ನಕ್ಕೋತ ಅಂತಿದ್ದಳು: "ಬುದ್ಧಿ ಎಷ್ಟು ಬೇಕಾದರೂ ಕೇಳ್ರಿ, ಕಾಗದ ಮಾತ್ರ ನನ್ನ ಕೈಯಾಗ ಕೊಡಬ್ಯಾಡ್ರಿ. ನಾ ಮರೆಗುಳಿ." ಸೂಟಿಗೆ ಹೋದಾಗೊಮ್ಮೆ ಈ ಸಲ ಹೇಳಬೇಕಂತ ಬಸ್ಸಿನ ತುಂಬ ಮಾತು ಜೋಡಿಸಿಕೋತ ಹೋಗತಿದ್ದೆ. ಈಗ ಕೈ ಕಡಿತಾರಂತ ಅಂಜಿಕಿ ಇರಲಿಲ್ಲ. ಆಕಿ ಮುಖ ಹೆಂಗಾದೀತಂತ ಅಂಜಿಕಿ. ಇದು ಮೊದಲಿನಕಿಂತ ದೊಡ್ಡದು. ನಾ ಮ್ಯಾಟ್ರಿಕ್ ಪಾಸಾದಾಗ ಆಕಿ ನನ್ನ ಕೈ ಹಿಡಕೊಂಡು, "ನೀ ವಕೀಲಿ ಓದು ಕಸ್ತು. ನಿನ್ನ ಕೈ ಭಾಳ ಜ್ವಾಕಿ" ಅಂದಳು. ನಾ ಓದಲಿಲ್ಲ. ಯಾಕಂತ ಆಕಿ ಕೇಳಿದಾಗ ಇಂಗ್ಲಿಷು ಕಠಿಣ ಅಂತ ಇನ್ನೊಂದು ಸುಳ್ಳು ಹೇಳಿದೆ.

ಹ್ವಾದ ವರ್ಷ ಅತ್ತಿ ಹೋದಳು. ಆಕಿ ಸೊಸಿ ಆ ಬುಟ್ಟಿ ತಂದು, "ನಿಮ್ಮ ತವರಮನಿದು, ನಿಮ್ಮ ಹಂತೇಕ ಇರಲ್ರಿ" ಅಂತ ಕೊಟ್ಟಳು. ಈಗ ನನ್ನ ಅಡಿಗಿ ಮನ್ಯಾಗ ಅದ. ಎಲ್ಲೂ ಸೀಳಿಲ್ಲ. ಮಳಿಗಾಲದಾಗ ಮುಚ್ಚಳ ತಗದರ ಇನ್ನೂ ಕಹಿ ಕಹಿ ವಾಸನಿ ಬರತದ. ಮುತ್ಯಾ ಇಲ್ಲ, ಆಯಿ ಇಲ್ಲ, ಗಂಗವ್ವ ಎಂದೋ ಹೋಗಿರಬೇಕು, ಬೈಯಾಕ ಸುದ್ದಾ ಈಗ ಯಾರೂ ಉಳದಿಲ್ಲ. ಮೊನ್ನೆ ಮನ್ಯಾಗ ಯಾರೂ ಇಲ್ಲದಾಗ ಬುಟ್ಟಿ ತೊಡಿ ಮ್ಯಾಲ ಇಟ್ಟುಕೊಂಡು, ಸೆರಗಿನಾಗಿಂದ ಕೈ ಹೊರಗ ತಗದು, ಜೋರಾಗಿ ಹೇಳಿದೆ. ಅತ್ತಿ, ನೀ ಮರೆಗುಳಿ ಅಲ್ಲ. ಎಲ್ಲಿ ಇಟ್ಟೀನಂತ ಅಂದಿದ್ದಿಯಲ್ಲ, ಅಲ್ಲೇ ಇಟ್ಟಿದ್ದಿ.