ಟವೆಲಿನ ಕೆಳಗಿನ ಕೈ

ನಮ್ಮಪ್ಪನ ಬಲಗೈಗೆ ಶಿಡ್ಲಘಟ್ಟದಲ್ಲಿ ಬಹಳ ಮರ್ಯಾದೆ ಇತ್ತು. ಅವರು ರೇಷ್ಮೆಗೂಡಿನ ದಲ್ಲಾಳಿ. ಆ ಕಾಲದಲ್ಲಿ ಗೂಡಿನ ದರವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೆಂಚಾರ್ಲಹಳ್ಳಿಯ ಕಡೆಯಿಂದಲೋ ಮಂಡಿಕಲ್ಲಿನ ಕಡೆಯಿಂದಲೋ ರೈತ ಗೂಡಿನ ಮೂಟೆ ತಂದು ಇಳಿಸಿದರೆ, ಅಪ್ಪ ಹೆಗಲ ಮೇಲಿನ ಟವೆಲನ್ನು ಕೈ ಮೇಲೆ ಹೊದಿಸಿಕೊಂಡು ಅದರ ಕೆಳಗೆ ಅವನ ಬೆರಳು ಹಿಡಿಯುತ್ತಿದ್ದರು. ಎಷ್ಟು ಬೆರಳೋ ಅಷ್ಟು ರೂಪಾಯಿ. ಗೆಣ್ಣಿನ ಮೇಲೆ ಒತ್ತಿದರೆ ಮೇಲೊಂದು ಅರ್ಧ, ಉಗುರಿನ ಬುಡದಲ್ಲಿ ಒತ್ತಿದರೆ ಕಾಲು. ಆಮೇಲೆ ನೂಲು ತೆಗೆಸುವ ಸಾಹೇಬರ ಬಳಿಗೆ ಹೋಗಿ, ಅದೇ ಟವೆಲಿನ ಕೆಳಗೆ ಅವರ ಬೆರಳು. ಹೀಗೆ ನಾಲ್ಕಾರು ಸಲ ಓಡಾಡಿ, ಟವೆಲು ಒದರಿ ಹೆಗಲಿಗೆ ಹಾಕಿಕೊಂಡರೆ ವ್ಯಾಪಾರ ಕುದುರಿದಂತೆ. ಪಕ್ಕದಲ್ಲೇ ನಿಂತವನಿಗೂ ದರ ಗೊತ್ತಾಗುತ್ತಿರಲಿಲ್ಲ.

ನನಗೆ ಅಕ್ಷರಕ್ಕಿಂತ ಮೊದಲು ಈ ಬೆರಳ ಭಾಷೆ ಬಂತು. ಊಟಕ್ಕೆ ಕೂತಾಗ ಅಪ್ಪನ ಟವೆಲಿನ ಕೆಳಗೆ ಕೈ ತೂರಿಸಿ ಒಂದು ಬೆರಳು ಹಿಡಿದು ಗೆಣ್ಣು ಒತ್ತಿದರೆ, ಇವಳಿಗೆ ಇನ್ನೂ ಒಂದೂವರೆ ಒಬ್ಬಟ್ಟು ಹಾಕು ಎಂದು ಅಮ್ಮನಿಗೆ ಅಪ್ಪಣೆಯಾಗುತ್ತಿತ್ತು. ಹೆಣ್ಣುಮಗುವಿಗೆ ದಲ್ಲಾಳಿ ವಿದ್ಯೆ ಕಲಿಸುತ್ತಾರಲ್ಲ ಎಂದು ಅಮ್ಮ ಗೊಣಗುತ್ತಿದ್ದಳು. ದರಕ್ಕೆ ಸಂಬಂಧವಿಲ್ಲದ ಒಂದು ಗುರುತೂ ನಮ್ಮಿಬ್ಬರ ನಡುವೆ ಇತ್ತು. ಕಿರುಬೆರಳ ತುದಿಯನ್ನು ಮೆಲ್ಲಗೆ ಅದುಮಿದರೆ 'ತಪ್ಪಾಯಿತು' ಎಂದರ್ಥ. ನಾನು ಹುಟ್ಟು ಹಟಮಾರಿ, ಬಾಯಲ್ಲಿ ಆ ಮಾತು ಹೇಳಿದವಳಲ್ಲ. ಅದುಮಿದ ಕೂಡಲೇ ಅಪ್ಪ ತಲೆ ಸವರಿ ಸುಮ್ಮನಾಗುತ್ತಿದ್ದರು.

ನಾನು ಹೈಸ್ಕೂಲು ಮುಗಿಸಿ ಮನೆಯಲ್ಲಿ ಕೂತಾಗ, ಓದು ಬಾರದ ಅಪ್ಪನಿಗೆ ದಿನಾ ಪತ್ರಿಕೆ ಓದಿ ಹೇಳುವುದು ನನ್ನ ಕೆಲಸವಾಯಿತು. ಆದರೆ ಅವರು ಮುಂದೆ ಬರಲಿರುವುದನ್ನು ಪತ್ರಿಕೆಗಿಂತ ಹೆಚ್ಚಾಗಿ ಬೀದಿಯಲ್ಲೇ ಓದಿಕೊಳ್ಳುತ್ತಿದ್ದರು. ಶಾಲೆಗೆ ಹೋಗಿಬಂದ ರೈತರ ಮಕ್ಕಳು, ಟವೆಲು ಯಾಕೆ, ಎದುರಿಗೇ ಹೇಳಿ ಎನ್ನತೊಡಗಿದ್ದರು. ರೇಷ್ಮೆ ಇಲಾಖೆಯವರು ಹಳ್ಳಿಗೆ ಬಂದಾಗ ಹುಳದ ರೋಗ ಕೇಳುವ ಮೊದಲು ಗೂಡು ಯಾವ ದರಕ್ಕೆ ಹೋಯಿತು ಎಂದು ಕೇಳುತ್ತಿದ್ದರು. ಊರಾಚೆಯ ಬಯಲನ್ನು ಯಾರೋ ಸರಪಳಿ ಹಿಡಿದು ಅಳೆದು ಹೋದರು. ಬೇರೆ ದಲ್ಲಾಳಿಗಳೂ ಇದನ್ನೆಲ್ಲ ನೋಡಿದವರೇ. ನೋಡಿ, ಎಲೆ ಅಡಿಕೆ ಹಾಕಿಕೊಂಡು ಸುಮ್ಮನಿದ್ದರು. ಅಪ್ಪನಿಗೆ ಸುಮ್ಮನಿರಲು ಆಗಲಿಲ್ಲ.

"ಟವೆಲ್ ಕಾಲ ಮುಗೀತು ಕಣಮ್ಮ," ಅಂದರು ಒಂದು ಬೆಳಗ್ಗೆ. "ನಾಳೆ ದರಾನ ಎಲ್ಲಾರ ಮುಂದೆ ಕೂಗ್ತಾರೆ. ಆವಾಗ ನಾನ್ಯಾರಿಗೆ ಬೇಕು? ನಂಗೆ ಜನರ ಬೆರಳು ಗೊತ್ತು. ಗೂಡು ಗೊತ್ತಿಲ್ಲ."

ಇಪ್ಪತ್ತು ವರ್ಷ ಗೂಡಿನ ನಡುವೆಯೇ ಬಾಳಿದವರು ತಮಗೆ ಗೂಡು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಆಮೇಲೆ ಎಷ್ಟೋ ಬುದ್ಧಿವಂತ ವ್ಯಾಪಾರಿಗಳನ್ನು ನೋಡಿದ್ದೇನೆ. ಮುಂದೇನು ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಬಂದಾಗ ನನ್ನಲ್ಲಿ ಏನು ಉಳಿಯುತ್ತದೆ ಎಂದು ಕೇಳಿಕೊಂಡವರು ಕಡಿಮೆ.

ಅದಾಗಿ ಸ್ವಲ್ಪ ದಿನಕ್ಕೆ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಗೂಡಿಗೆ ಸರ್ಕಾರಿ ಮಾರುಕಟ್ಟೆ, ಬಹಿರಂಗ ಹರಾಜು, ಶೀಘ್ರದಲ್ಲೇ. ಶೀಘ್ರ ಅಂದರೆ ಎಷ್ಟು ದಿನ ಎಂದು ಅಪ್ಪ ಕೇಳಿದರು. ನಾನು ಓದಿದವಳು ನೋಡಿ, ಗೊತ್ತಿಲ್ಲ ಎನ್ನಲು ನಾಲಿಗೆ ಬರಲಿಲ್ಲ. ಒಂದೆರಡು ಬೆಳೆ ಕಳೆಯುವುದರೊಳಗೆ ಎಂದುಬಿಟ್ಟೆ. ನಮ್ಮ ಊರಿನಲ್ಲಿ ಕಾಲವನ್ನು ಅಳೆಯುತ್ತಿದ್ದುದೇ ಹುಳದಿಂದ. ಮೊಟ್ಟೆ ಒಡೆದ ಹುಳ ತಿಂಗಳೊಳಗೆ ಗೂಡು ಕಟ್ಟುತ್ತದೆ, ಆ ಗೂಡನ್ನು ವಾರದೊಳಗೆ ಮಾರದಿದ್ದರೆ ಚಿಟ್ಟೆ ತೂತು ಮಾಡಿಕೊಂಡು ಹೊರಬಂದು ನೂಲು ಹಾಳು. ನಮಗೆ ಶೀಘ್ರ ಅಂದರೆ ಅಷ್ಟೇ. ಸರ್ಕಾರದ ಶೀಘ್ರ ಬೇರೆ ಇರುತ್ತದೆಂದು ಅಪ್ಪನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಅಪ್ಪ ಗೂಡಿನ ಮಂಡಿಯಲ್ಲಿದ್ದ ತಮ್ಮ ಜಾಗವನ್ನು ಇನ್ನೊಬ್ಬ ದಲ್ಲಾಳಿಗೆ ಬಿಟ್ಟುಕೊಟ್ಟು, ನೂಲು ತೆಗೆಸುವ ಸಾಹೇಬರೊಬ್ಬರ ಮನೆ ಹಿಂದಿನ ಕೊಟ್ಟಿಗೆಯಲ್ಲಿ ಚರಕದ ಒಲೆಯ ಮುಂದೆ ಹೋಗಿ ಕೂತರು. ಸಾಹೇಬರು ಒಪ್ಪಲೇ ಇಲ್ಲವಂತೆ. ನೀವು ಒಲೆ ಮುಂದೆ ಕೂತರೆ ಊರವರು ನನ್ನ ಮುಖಕ್ಕೆ ಉಗಿಯುತ್ತಾರೆ ಎಂದು ಬೇಡಿಕೊಂಡರಂತೆ. ನೂಲು ತೆಗೆಯುವವನಿಗೇ ಗೂಡಿನ ಒಳಗುಟ್ಟು ತಿಳಿಯುವುದು, ಕಲಿಸಿದರೆ ನಾಳೆ ನಿಮಗೆ ಗೂಡು ಆರಿಸಿಕೊಡುತ್ತೇನೆ, ಕೈಗೂಡಿದರೆ ನಾನೇ ಎರಡು ಚರಕ ಹಾಕುತ್ತೇನೆ ಎಂದು ಅಪ್ಪ ಹಟ ಹಿಡಿದರು. ಕುದಿಯುವ ನೀರಿನಲ್ಲಿ ಗೂಡು ಹೊರಳಿಸಿ, ಎಳೆಯ ತುದಿ ಹುಡುಕಿ ಚರಕಕ್ಕೆ ಕೊಡುವ ಕೆಲಸ ಅದು. ದಿನವಿಡೀ ಬೆರಳು ಬಿಸಿನೀರಿನಲ್ಲೇ. ಮೊದಲ ವಾರವೇ ಅಪ್ಪನ ಬೆರಳುಗಳೆಲ್ಲ ಬೊಬ್ಬೆ ಎದ್ದವು. ಅಮ್ಮ ತುತ್ತು ಕಲಸಿ ಬಾಯಿಗೆ ಕೊಡುತ್ತಿದ್ದಳು. ಮೈಯೆಲ್ಲ ಬೆಂದ ಹುಳದ ವಾಸನೆ.

ಒಂದು ಬೆಳೆ ಹೋಯಿತು, ಎರಡು ಹೋದವು. ಮಾರುಕಟ್ಟೆ ಬರಲಿಲ್ಲ. ಅಳೆದಿದ್ದ ಬಯಲಿನಲ್ಲಿ ಕತ್ತೆಗಳು ಮೇಯುತ್ತಿದ್ದವು. ಒಂದು ವರ್ಷ ತುಂಬಿತು. ಉಳಿದ ದಲ್ಲಾಳಿಗಳು ಹೊಸ ಟವೆಲು ಹೊದ್ದು ಮೊದಲಿಗಿಂತ ಜೋರಾಗಿ ವ್ಯಾಪಾರ ನಡೆಸಿದರು. ನಾನು ನೀರಿಗೆ ಹೋದಾಗ, ನಿಮ್ಮಪ್ಪನ ಮಾರ್ಕೆಟ್ಟು ಬಂತೇನಮ್ಮ ಎಂದು ನಗುವವರಿದ್ದರು. ಮನೆಯಲ್ಲಿ ಅನ್ನ ಹಬ್ಬದ ಅಡುಗೆಯಾಯಿತು. ನನ್ನ ಮದುವೆಯ ಮಾತು ನಿಂತುಹೋಯಿತು. ಅದಕ್ಕೆ ನನಗೇನೂ ಬೇಸರವಿರಲಿಲ್ಲ. 'ಒಂದೆರಡು ಬೆಳೆ' ಎಂದ ನನ್ನ ನಾಲಿಗೆಯನ್ನು ಮಾತ್ರ ದಿನಾ ಶಪಿಸಿಕೊಂಡೆ. ಅಪ್ಪ ಒಂದು ಸಲವೂ ಅದನ್ನು ಎತ್ತಿ ಆಡಲಿಲ್ಲ. ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಎರಡನೆಯ ವರ್ಷ ಮಂಡಿಕಲ್ಲಿನ ಕಡೆಯ ಹಳೆಯ ರೈತನೊಬ್ಬ ಮನೆಗೇ ಬಂದು, ಈ ವ್ಯಾಪಾರ ನಿನ್ನ ಕೈಯಲ್ಲೇ ಆಗಬೇಕು ಎಂದು ತೆಲುಗಿನಲ್ಲಿ ಕಾಡಿಬೇಡಿ ಅಪ್ಪನನ್ನು ಮಂಡಿಗೆ ಕರೆದುಕೊಂಡು ಹೋದ. ವ್ಯಾಪಾರ ಕುದುರಿತು, ಟವೆಲು ಒದರಿಯೂ ಆಯಿತು. ಆದರೆ ಕೊಳ್ಳುವವರು ಒತ್ತಿದ್ದು ಕಾಲು, ಅಪ್ಪ ರೈತನಿಗೆ ಮುಟ್ಟಿಸಿದ್ದು ಅರ್ಧ. ಮಂಡಿಯಲ್ಲಿ ಎಲ್ಲರ ಮುಂದೆ ತಕರಾರಾಗಿ, ಅಪ್ಪ ಕೈ ಮುಗಿದು ಹೊರಟುಬಂದರು. ಮನೆಗೆ ಬಂದು ಜಗಲಿಯ ಮೇಲೆ ಕೂತು ತಮ್ಮ ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಬೆಂದು ಸುಲಿದು ಬೆಂದು ಸುಲಿದು, ತುದಿಯ ಚರ್ಮ ಹಿಮ್ಮಡಿಯ ಹಾಗೆ ದಪ್ಪಗಾಗಿತ್ತು.

"ಏನೂ ಹೇಳ್ತಿಲ್ಲ ಕಣಮ್ಮ ಇವು," ಅಂದರು.

ಆವತ್ತು ನನಗೆ ನಿಜವಾಗಿ ಭಯವಾಯಿತು. ಹಿಂದಕ್ಕೆ ಹೋಗುವ ದಾರಿ ಮುಚ್ಚಿತ್ತು. ಮುಂದಿನದು ಬಂದೇ ತೀರಬೇಕಿತ್ತು.

ಅಪ್ಪ ಮಾರನೆಯ ದಿನವೂ ಒಲೆಯ ಮುಂದೆ ಕೂತರು. ಬೆರಳು ಕೈಕೊಟ್ಟರೂ ಕಣ್ಣು ಕಿವಿ ಕಲಿತವು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳದ ಸದ್ದು ಕೇಳಿ, ಎಳೆ ಎಷ್ಟು ದೂರ ತುಂಡಾಗದೆ ಬರುತ್ತದೆಂದು ಹೇಳುತ್ತಿದ್ದರು. ಸಾಹೇಬರು ಮೊದಮೊದಲು ನಕ್ಕರು, ಆಮೇಲೆ ಅಪ್ಪನನ್ನು ಬಿಟ್ಟು ಗೂಡು ಕೊಳ್ಳಲು ಹೋಗುವುದನ್ನೇ ನಿಲ್ಲಿಸಿದರು. ಮೂರನೆಯ ವರ್ಷಕ್ಕೆ ಅವರೇ ಎರಡು ಹಳೆಯ ಚರಕ ಕೊಟ್ಟು ನಮ್ಮ ಹಿತ್ತಲಲ್ಲಿ ಹೂಡಿಸಿದರು. ನನ್ನ ಮದುವೆಯೂ ಆಯಿತು, ಚಿಂತಾಮಣಿಗೆ ಬಂದೆ.

ಮಾರುಕಟ್ಟೆ ಕೊನೆಗೂ ತೆರೆದಾಗ ನಾನು ಬಸ್ಸು ಹಿಡಿದು ತವರಿಗೆ ಹೋದೆ. ಹೆಂಗಸರು ಅಲ್ಲಿಗೆಲ್ಲ ಹೋಗುತ್ತಾರೆಯೇ ಎಂದು ಅಮ್ಮ ಅಂದಳು. ನಾನು ಕೇಳಲಿಲ್ಲ. ದೊಡ್ಡ ತಗಡಿನ ಚಾವಣಿ, ಸಾಲಾಗಿ ಗೂಡಿನ ರಾಶಿ, ಒಂದೊಂದರ ಮುಂದೆಯೂ ನಿಂತು ದರ ಕೂಗುವ ಗುಮಾಸ್ತ. ಗೋಡೆಗೆ ಒರಗಿ ಹಳೆಯ ದಲ್ಲಾಳಿಗಳು ನಿಂತಿದ್ದರು, ಹೆಗಲ ಮೇಲೆ ಟವೆಲು. ಒಂದು ಕಾಲಕ್ಕೆ ನನ್ನನ್ನು ಅಣಕಿಸಿದವರೂ ಅವರಲ್ಲಿದ್ದರು. ಸಂತೋಷವಾಗಬೇಕಿತ್ತು, ಆಗಲಿಲ್ಲ. ಅವರ ಕೈಗಳು ಇನ್ನೂ ಮೃದುವಾಗಿದ್ದವು.

ಅಪ್ಪ ಒಂದು ರಾಶಿಯ ಮುಂದೆ ಕೂತು, ಗೂಡನ್ನು ಕಿವಿಯ ಬಳಿ ಆಡಿಸಿ, ಎದ್ದುನಿಂತು ದರ ಕೂಗಿದರು. ಅವರ ಬಾಯಿಂದ ನಾನು ದರ ಕೇಳಿದ್ದು ಅದೇ ಮೊದಲು. ರಾಶಿ ಅವರಿಗೇ ಆಯಿತು.

ಹೊರಗೆ ಬಂದಾಗ ಅಪ್ಪನ ಟವೆಲು ಮುಂಗೈ ಮೇಲೆ ಜಾರಿತ್ತು. ಅಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದನ್ನು ಹೇಳಿಬಿಡೋಣ ಎಂದು ನಾನು ಅದರ ಕೆಳಗೆ ಕೈ ತೂರಿಸಿ ಅವರ ಕಿರುಬೆರಳ ತುದಿಯನ್ನು ಅದುಮಿದೆ. ಅಪ್ಪ ಮುಂದಿನ ವಾರದ ಗೂಡಿನ ಮಾತು ಆಡುತ್ತಲೇ ನಡೆದರು. ಇನ್ನೂ ಜೋರಾಗಿ ಅದುಮಿದೆ. ಆಗ ನಿಂತು ನನ್ನ ಮುಖ ನೋಡಿದರು.

"ಏನಮ್ಮ? ಬಾಯಲ್ಲಿ ಹೇಳು. ಈಗ ಎಲ್ಲಾ ಬಾಯಲ್ಲೇ ಅಲ್ವಾ."

ಆ ಒಂದು ಮಾತನ್ನು ಬಾಯಲ್ಲಿ ಹೇಳುವುದನ್ನು ನಾನು ಕಲಿತೇ ಇರಲಿಲ್ಲ. ಏನೂ ಇಲ್ಲಪ್ಪ ಅಂದೆ.