ಹಪ್ಪಳ ಮಗುಚುವ ತನಕ

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ನಾಲ್ಕು ಮನೆಯ ಹಪ್ಪಳ ಟೆರೇಸಿನ ಮೇಲೆ ಒಣಗಿಸುವವಳು ನಾನೇ. ಒಂದು ದಿನ ಮೂರನೇ ಮಾಳಿಗೆಯ ಗಂಗಕ್ಕ ಕಿವಿಯಲ್ಲಿ ಉಸುರಿದಳು: "ನನ್ನ ಸೊಸಿ ದಿನಾ ಮುಂಜಾನೆ ಕದ್ದು ಟೆರೇಸಿಗೆ ಹೋಗ್ತಾಳ. ಯಾರ ಜೋಡಿ ಅಂತ ನೋಡಿ ಹೇಳು." ನನಗೆ ಹೋಳಿಗೆ ಉಂಡಷ್ಟು ಖುಷಿ.

ಮರುದಿನ ಹಪ್ಪಳ ಹರವಿ, ನೀರಿನ ಟಾಕಿಯ ಹಿಂದೆ ಇಣುಕಿದೆ. ಗಂಡಸಿನ ಸುಳಿವೇ ಇಲ್ಲ! ಹುಡುಗಿ ಒಬ್ಬಳೇ ಕಣ್ಣು ಮುಚ್ಚಿ, ತೋಳು ಮೊಣಕಾಲು ಬಿಸಿಲಿಗೆ ಬಿಟ್ಟು ಕೂತಿದ್ದಳು.

"ಎಲುಬು ನೋಯ್ತಾವ ಅಜ್ಜಿ. ಬಿಸಲಾಗ ಕೂಡ್ರು ಅಂದಾರ ಡಾಕ್ಟರು. ಕಪ್ಪಾಗ್ತಿ ಅಂತ ಅತ್ತಿ ಬಿಡೂದಿಲ್ಲ. ಹೇಳಬ್ಯಾಡ್ರಿ."

"ಬಿಸಲು ಕಡಿಮಿ ಆದ್ರ ಹಪ್ಪಳ ಬೂಷ್ಟು ಹಿಡೀತದ, ಹೆಚ್ಚಾದ್ರ ಸೀಳಿ ಹೋಗ್ತದ. ಮೈಯೂ ಹಂಗ. ನಾ ಹಪ್ಪಳ ಮಗುಚಿದ ಕೂಡಲೇ ನೀ ಎದ್ದು ನಡಿ," ಎಂದು ನಾನೂ ಪಕ್ಕದಲ್ಲಿ ಕೂತೆ.

ಬಿಸಿಲು ಬೆಚ್ಚನೆ ತುಪ್ಪದ ಹಾಗೆ ಮೈಮೇಲೆ ಇಳಿಯಿತು. ಲೋಕಲ್ ರೈಲಿನ ಸದ್ದು ನೀರೊಳಗಿಂದ ಬಂದಂತೆ ಕೇಳುತ್ತಿತ್ತು. ಸತ್ತುಹೋದ ನನ್ನವ್ವ ಎಲ್ಲೋ ಕೂತು ನನ್ನ ತಲೆಗೆ ಎಣ್ಣೆ ತಟ್ಟುತ್ತಿದ್ದಳು. ಎಚ್ಚರಾದಾಗ ಹುಡುಗಿಯೇ ಹಪ್ಪಳ ಮಗುಚಿ ಇಳಿದು ಹೋಗಿದ್ದಳು. ನನ್ನ ಮೂಗು ಸುಟ್ಟಿತ್ತು.

ಗಂಗಕ್ಕ ಬಾಗಿಲಲ್ಲೇ ಕಾದಿದ್ದಳು. "ಯಾರಿದ್ರು?"

"ಎರಡು ಕಾಗಿ."

ಜನ್ಮದಲ್ಲಿ ನಾನು ನುಂಗಿಕೊಂಡ ಸುದ್ದಿ ಅದೊಂದೇ. ಹೊಟ್ಟೆ ಉಬ್ಬರಿಸಿದ್ದಕ್ಕೆ ಇಲ್ಲಿ ಬರೆದೆ. ಪುಣ್ಯಕ್ಕೆ ಗಂಗಕ್ಕನಿಗೆ ಓದು ಬರುವುದಿಲ್ಲ.