ನೀರು ಕುಡಿದವನನ್ನು ಹೆಣ ಎಂದು ಬರೆದರು

ನನ್ನ ದೊಡ್ಡಮ್ಮ ಹತ್ತೊಂಬತ್ತು ವರ್ಷ ದೊಡ್ಡಾಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಪರದೇಶದವರು ಆಳುತ್ತಿದ್ದ ಕಾಲ. ಆಳುವವರ ಮನೆಯ ರೋಗಿಗಳಿಗೆ ಮುಂಬಾಗಿಲು, ಅಮೃತಶಿಲೆಯ ಮೆಟ್ಟಿಲು. ಉಳಿದವರಿಗೆ ಹಿಂದಿನ ಜಗಲಿ, ಮೂರು ಬೆಂಚು, ಒಂದು ಕಿಟಕಿ. ಆ ಜಗಲಿ ದೊಡ್ಡಮ್ಮನ ಪಾಲಿನದು. ಬೆಂಚು ಒರೆಸುವುದು, ಕಾಯುವವರಿಗೆ ನೀರು ಕೊಡುವುದು, ಸೇರಿಸಿಕೊಂಡವರ ಬಟ್ಟೆಯನ್ನು ಗಂಟು ಕಟ್ಟಿ ನಂಬರು ಹಚ್ಚುವುದು ಅವಳ ಕೆಲಸ.

ಕಿಟಕಿಯಾಚೆ ಕೂರುತ್ತಿದ್ದ ಗುಮಾಸ್ತನಿಗೆ ದೊಡ್ಡಮ್ಮ ಇಟ್ಟ ಹೆಸರು ಮಸಿಯಪ್ಪ. ಬೆರಳಲ್ಲಿ, ಅಂಗಿಯಲ್ಲಿ, ಕಡೆಗೆ ಕಿವಿಯ ಹಿಂದೆಯೂ ಮಸಿ. ಕೆಲಸ ಕೊಟ್ಟವರ ಚೀಟಿ ಇಲ್ಲದೆ ಅವನು ಯಾರ ಹೆಸರನ್ನೂ ಬರೆದುಕೊಳ್ಳುತ್ತಿರಲಿಲ್ಲ. ಅದು ಮೇಲಿನವರ ನಿಯಮ. ಅದನ್ನು ಹೇಳುವಾಗ ಅವನ ಮುಖದಲ್ಲಿ ಕಾಣುತ್ತಿದ್ದ ಸುಖ ಮಾತ್ರ ಅವನದೇ.

ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಕಲ್ಲುಗಣಿಯ ಆಳೊಬ್ಬನನ್ನು ತಳ್ಳುಗಾಡಿಯಲ್ಲಿ ತಂದರು. ಬಂಡೆ ಉರುಳಿ ತೊಡೆ ಜಜ್ಜಿಹೋಗಿತ್ತು. ಗಾಡಿ ತಳ್ಳಿದವರು ಅವನನ್ನು ಬೆಂಚಿನ ಮೇಲೆ ಮಲಗಿಸಿ ಕೆಲಸಕ್ಕೆ ಓಡಿದರು. ಹೆಂಡತಿಯೊಬ್ಬಳೇ ಉಳಿದಳು.

"ಚೀಟಿ ಎಲ್ಲಿ?" ಎಂದ ಮಸಿಯಪ್ಪ.

"ಯಾವ ಚೀಟಿ ಸ್ವಾಮಿ? ರಕ್ತ ನಿಲ್ತಿಲ್ಲ, ನೋಡಿ."

"ಮೇಸ್ತ್ರಿ ಹತ್ರ ಬರೆಸ್ಕೊಂಡು ಬಾ. ಆಮೇಲೆ ರಕ್ತದ ಮಾತು."

ಅವಳು ಗಣಿಯ ಕಡೆ ಓಡಿದಳು. ದೊಡ್ಡಮ್ಮ ಹರಿದ ಚಾದರದಿಂದ ತೊಡೆಯನ್ನು ಬಿಗಿದು ಕಟ್ಟಿ, ನೀರು ಕುಡಿಸಿದಳು. "ತಣ್ಣಗಿದೆ ತಾಯಿ, ಇನ್ನೊಂಚೂರು ಕೊಡು," ಎಂದು ಅವನು ಎರಡನೇ ಲೋಟವನ್ನೂ ಕುಡಿದ. ದೊಡ್ಡಮ್ಮ ಒಳಗೆ ಹೋಗಿ ಸಣ್ಣ ಡಾಕ್ಟರ ಮುಂದೆ ನಿಂತಳು. ವಾರ್ಡಿನಲ್ಲಿ ಏಳು ಮಂಚ ಖಾಲಿ ಇದ್ದವು. ಅವಳು ಎಣಿಸಿದ್ದಳು.

"ಹೆಸರು ರಿಜಿಸ್ಟರಿಗೆ ಬರದೆ ನಾನು ಮುಟ್ಟಿದ್ರೆ ನನ್ನ ತಲೆ ಹೋಗುತ್ತೆ ಕಣಮ್ಮ," ಎಂದರು ಡಾಕ್ಟರು. ಅವರು ಕೆಟ್ಟವರಲ್ಲ, ಹೆದರುಪುಕ್ಕಲರು. ಜಗಲಿಯಲ್ಲಿ ಬಿದ್ದಿದ್ದವನಿಗೆ ಎರಡೂ ಒಂದೇ ಆಗಿತ್ತು.

ಹನ್ನೆರಡಕ್ಕೆ ಸ್ವಲ್ಪ ಮುಂಚೆ ಅವನು ದೊಡ್ಡಮ್ಮನ ಕೈ ಹಿಡಿದುಕೊಂಡೇ ಸತ್ತ. ಹೆಂಡತಿ ಏದುಸಿರು ಬಿಡುತ್ತಾ ಚೀಟಿ ಹಿಡಿದು ಬಂದಾಗ ಹನ್ನೆರಡು ಹೊಡೆದಿತ್ತು. ಅವಳು ಬೆಂಚನ್ನು ನೋಡಿ ಅಲ್ಲೇ ಕುಸಿದಳು. ಮಸಿಯಪ್ಪ ರಿಜಿಸ್ಟರನ್ನು ಕಿಟಕಿಯಿಂದ ಹೊರಗೆ ಚಾಚಿದ.

"ಹೆಣವಾಗಿ ತಂದ್ರು ಅಂತ ಬರ್ದಿದೀನಿ. ಹೆಬ್ಬೆಟ್ಟು ಒತ್ತಮ್ಮ."

ದೊಡ್ಡಮ್ಮನಿಗೆ ಆಗ ಅರ್ಥವಾಯಿತು. ಹತ್ತೊಂಬತ್ತು ವರ್ಷಗಳಲ್ಲಿ ಈ ಬೆಂಚುಗಳ ಮೇಲೆ ಕಣ್ಣು ಮುಚ್ಚಿದವರೆಲ್ಲ ಆ ಪುಸ್ತಕದಲ್ಲಿ ಹೆಣವಾಗಿಯೇ ಬಂದಿದ್ದರು. ಆಸ್ಪತ್ರೆಯ ಸಾವಿನ ಲೆಕ್ಕ ಏರದಂತೆ ನೋಡಿಕೊಂಡಿದ್ದರು. ಅವಳು ಹೆಬ್ಬೆಟ್ಟಿನ ಮಸಿ ಡಬ್ಬಿಯನ್ನು ಕಿತ್ತುಕೊಂಡು ಅಂಗಳಕ್ಕೆ ಎಸೆದಳು.

"ಎರಡು ಲೋಟ ನೀರು ಕುಡಿಯೋ ಹೆಣ ಎಲ್ಲಿ ನೋಡಿದ್ಯೋ? ಇನ್ನೊಂಚೂರು ಕೊಡು ಅಂತ ಕೇಳೋ ಹೆಣ?"

ಗಲಾಟೆಗೆ ಆಸ್ಪತ್ರೆಯ ದೊರೆಯೇ ಬಂದ. ಅವನಿಗೆ ನಮ್ಮ ಭಾಷೆ ಬಾರದು. ಮಾತು ತಿಳಿಸಬೇಕಾದವನು ಮಸಿಯಪ್ಪನೇ. ದೊಡ್ಡಮ್ಮ ಉಸಿರು ಬಿಡದೆ ಎಲ್ಲವನ್ನೂ ಹೇಳಿದಳು. ಮಸಿಯಪ್ಪ ಮೂರು ಪದಗಳಲ್ಲಿ ಮುಗಿಸಿದ.

"ನಾನು ಅಷ್ಟು ಹೇಳಿದ್ದು ಇಷ್ಟೇನಾ?" ಎಂದು ಅವಳು ಗುಮಾಸ್ತನನ್ನು ಪಕ್ಕಕ್ಕೆ ತಳ್ಳಿ, ದೊರೆಯ ಮುಂದೆಯೇ ನಿಂತಳು. ಗೋಡೆಯ ಗಡಿಯಾರದಲ್ಲಿ ಹತ್ತನ್ನು ತೋರಿಸಿದಳು. ಹೆಣದ ಬಾಯಿಗೆ ಲೋಟ ಹಿಡಿದು ತೋರಿಸಿದಳು. "ಟೆನ್. ವಾಟರ್. ಟು ಗ್ಲಾಸ್," ಎಂದಳು. ನರ್ಸಮ್ಮಂದಿರಿಂದ ಕಲಿತದ್ದು ಅಷ್ಟೇ.

ದೊರೆ ಗಡಿಯಾರವನ್ನು ನೋಡಿದ, ಲೋಟವನ್ನು ನೋಡಿದ, ಆಮೇಲೆ ರಿಜಿಸ್ಟರಿಗೆ ರುಜು ಹಾಕಿ ಹೊರಟುಹೋದ. "ಅವನಿಗೆ ಪೂರ್ತಿ ಅರ್ಥ ಆಗಿತ್ತು ಕಣೇ," ಎಂದು ದೊಡ್ಡಮ್ಮ ಹೇಳುತ್ತಿದ್ದಳು. "ಅರ್ಥ ಆಗದೆ ರುಜು ಹಾಕಿದ್ದಿದ್ರೆ ಹೊಟ್ಟೆಗೆ ಹಾಕ್ಕೋತಿದ್ದೆ."

ಸಂಜೆಯೊಳಗೆ ಅವಳ ಕೆಲಸ ಹೋಯಿತು. ಆದರೆ ಹೆಂಡತಿ ಹೆಬ್ಬೆಟ್ಟು ಒತ್ತಿರಲಿಲ್ಲ, ಚೀಟಿಯನ್ನೂ ಕೊಟ್ಟಿರಲಿಲ್ಲ. ಮೇಸ್ತ್ರಿ ಅದರಲ್ಲಿ, "ಹತ್ತು ಗಂಟೆಯಿಂದ ನಿಮ್ಮ ಜಗಲಿಯಲ್ಲಿ ಬಿದ್ದಿರುವ ನಮ್ಮ ಆಳನ್ನು ಸೇರಿಸಿಕೊಳ್ಳಿ," ಎಂದು ಬರೆದಿದ್ದ. ಇಬ್ಬರೂ ಹೆಂಗಸರು ಅದನ್ನು ಹಿಡಿದು ಮ್ಯಾಜಿಸ್ಟ್ರೇಟರ ಕಚೇರಿಗೆ ಆರು ವಾರ ಅಲೆದರು. ಜವಾನ ಬಾಗಿಲಲ್ಲೇ ಅಟ್ಟುತ್ತಿದ್ದ. ಮರುದಿನ ಇವರು ಮತ್ತೆ ಹಾಜರ್. ಕಡೆಗೆ ವಿಚಾರಣೆ ನಡೆಯಿತು. ಸಣ್ಣ ಡಾಕ್ಟರು ತಲೆ ತಗ್ಗಿಸಿಕೊಂಡು ನಿಜ ಹೇಳಿದರು. 'ಹೆಣವಾಗಿ ತಂದರು' ಎಂಬುದನ್ನು ಹೊಡೆದುಹಾಕಿ 'ಸೇರಿಸಿಕೊಳ್ಳದೆ ಸತ್ತ' ಎಂದು ಬರೆದರು. ಪೆಟ್ಟು ಬಿದ್ದವರಿಗೆ ಚೀಟಿ ಬೇಡವೆಂದು ಆಜ್ಞೆಯೂ ಬಂತು.

ಮಸಿಯಪ್ಪನಿಗೆ ಬೇರೆ ಊರಿಗೆ ವರ್ಗ. ದೊರೆಗೆ ಬಡ್ತಿ. ದೊಡ್ಡಮ್ಮನಿಗೆ ಕೆಲಸ ಮರಳಿ ಸಿಗಲಿಲ್ಲ. ಅವಳು ನಾಲ್ಕು ಮನೆಗಳಲ್ಲಿ ಬಾಣಂತಿಯರನ್ನು ನೋಡಿಕೊಂಡು ಬದುಕಿದಳು.

ಆದರೂ ಬಿಡುವಾದಾಗಲೆಲ್ಲ ಆ ಜಗಲಿಗೆ ಹೋಗುತ್ತಿದ್ದಳು. ಆಯಾ ಆಗಿ ಒಳಗೆ ಬಿಡುವುದಿಲ್ಲ, ರೋಗಿಯ ಕಡೆಯವಳನ್ನು ತಡೆಯುವ ಹಾಗಿಲ್ಲ. ಹೀಗಾಗಿ ಯಾರೋ ಒಬ್ಬ ದಿಕ್ಕಿಲ್ಲದವನ ಪಕ್ಕ ಕೂತು, ಅವನ ಹೆಸರು ಬರೆಯುವವರೆಗೂ ಕಿಟಕಿಯನ್ನು ಗುದ್ದುತ್ತಿದ್ದಳು. ಹೊಸ ಗುಮಾಸ್ತ ಒಮ್ಮೆ ರೇಗಿದನಂತೆ: "ಸೋಮವಾರ ಒಬ್ಬನಿಗೆ ಅತ್ತೆ ಅಂದೆ, ನಿನ್ನೆ ಇನ್ನೊಬ್ಬನಿಗೆ ಅಕ್ಕ. ಇವನಿಗೇನಾಗ್ಬೇಕು?"

"ಚಿಕ್ಕಮ್ಮ. ಬರ್ಕೊ ಬೇಗ. ಇವನು ಉಸಿರಾಡ್ತಿದಾನೆ, ಅದನ್ನೂ ಬರ್ಕೊ."

ಅವನು ಗೊಣಗುತ್ತಲೇ ಬರೆದುಕೊಂಡ. ದೊಡ್ಡಮ್ಮ ಸ್ಟ್ರೆಚರ್ ಬರುವವರೆಗೂ ಅಲ್ಲಿಂದ ಏಳಲಿಲ್ಲ.